ಟ್ಯಾಪೆಟ್ ಪದೇ ಪದೇ ಬಿಗಿಯಾಗುತ್ತಿದ್ದರೆ ಎಲ್ಲಿ ಹುಡುಕಬೇಕು

ಟ್ಯಾಪೆಟ್ ಕೆಲಸ ಅಂದರೆ ಇಂಜಿನ್ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಣ್ಣ ಗ್ಯಾಪ್ ಹೊಂದಿಸುವುದು. ಅದಕ್ಕೆ ಬೈಕ್ ಬಂದರೆ ನಾನು ಮೊದಲು ಗ್ಯಾಪ್ ಅಳೆದು ಜಾಬ್ ಕಾರ್ಡಿನಲ್ಲಿ ಬರೆದಿಡುತ್ತೇನೆ. ಗಾಳಿ-ಪೆಟ್ರೋಲ್ ಒಳಬಿಡುವ ಇನ್ಲೆಟ್ ವಾಲ್ವಿನದು ಎಷ್ಟು, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನದು ಎಷ್ಟು, ಗಾಡಿ ಓಡಿದ ಕಿಲೋಮೀಟರ್ ಎಷ್ಟು. ಗ್ಯಾಪ್ ಹೊಂದಿಸುವ ಸ್ಕ್ರೂ ಮುಟ್ಟುವುದು ಆಮೇಲೆ. ಒಮ್ಮೆ ಆ ಸ್ಕ್ರೂವನ್ನು ಹಿಡಿದಿಡುವ ಲಾಕ್ ನಟ್ ಸಡಿಲಿಸಿದರೆ ಹಳೆಯ ಗ್ಯಾಪ್ ಎಷ್ಟಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಆ ಹಳೆಯ ಲೆಕ್ಕದಲ್ಲೇ ಕಾಯಿಲೆಯ ಗುರುತು ಇರುತ್ತೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಒಂದು 125 ಸಿಸಿ ಕಾರ್ಬ್ಯುರೇಟರ್ ಬೈಕ್ ತಂದಿದ್ದರು. "ಟ್ಯಾಪೆಟ್ ಮಾಡ್ಸಿ ಮಾಡ್ಸಿ ಸಾಕಾಯ್ತು ಮಾರಾಯ. ನಾಲ್ಕು ದಿನ ಚೆನ್ನಾಗಿರುತ್ತೆ, ಮತ್ತೆ ಬೆಳಿಗ್ಗೆ ಸ್ಟಾರ್ಟೇ ಆಗಲ್ಲ" ಅಂದರು. ಇಂಜಿನ್ನಿನಲ್ಲಿ ಟ್ಯಾಪೆಟ್ ಸೌಂಡ್ ಮಾತ್ರ ಒಂಚೂರೂ ಇರಲಿಲ್ಲ.

ಸೌಂಡ್ ಇಲ್ಲ ಅಂದರೆ ಟ್ಯಾಪೆಟ್ ಸರಿ ಇದೆ ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಭಯ ಹುಟ್ಟಿಸುವುದು ಅಂಥ ಗಾಡಿಗಳೇ. ಗ್ಯಾಪ್ ಜಾಸ್ತಿ ಇದ್ದರೆ ಟಕ ಟಕ ಅನ್ನುತ್ತೆ, ಗೊತ್ತಾಗುತ್ತೆ. ಗ್ಯಾಪ್ ಇಲ್ಲದಿದ್ದರೆ ಇಂಜಿನ್ ಸುಮ್ನೆ ಇರುತ್ತೆ, ಒಳಗೆ ವಾಲ್ವ್ ಪೂರ್ತಿ ಮುಚ್ಚುತ್ತಿರುವುದಿಲ್ಲ. ವಾಲ್ವ್ ತನ್ನ ಶಾಖವನ್ನು ಬಹುಪಾಲು ಬಿಟ್ಟುಕೊಡುವುದು ಸೀಟಿಗೆ, ಅಂದರೆ ಅದು ಮುಚ್ಚಿ ಕೂರುವ ಉಂಗುರಕ್ಕೆ, ತಾಗಿದಾಗಲೇ. ಸರಿಯಾಗಿ ತಾಗದಿದ್ದರೆ ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ಸುಡುತ್ತೆ.

ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಡಿಸಿಕೊಂಡೆ. ಇಂಜಿನ್ ಪೂರ್ತಿ ತಣ್ಣಗಾಗದೆ ಅಳೆದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಬೆಳಿಗ್ಗೆ ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಚಕ್ರವನ್ನು ಅದರ 'ಟಿ' ಗುರುತಿಗೆ ತಂದು, ಎರಡೂ ರಾಕರ್ ಕೈಯಲ್ಲಿ ಅಲ್ಲಾಡುತ್ತವೆಯಾ ಅಂತ ನೋಡಿದೆ. ಕಂಪ್ರೆಷನ್ ಟಿಡಿಸಿಯಲ್ಲಿ, ಅಂದರೆ ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತಿ ಮೇಲಿನ ತುದಿಗೆ ಬಂದಾಗ, ಎರಡೂ ಸಡಿಲ ಇರಬೇಕು. ಇನ್ಲೆಟ್ ಅಲ್ಲಾಡಿತು, ಎಕ್ಸಾಸ್ಟ್ ಅಲ್ಲಾಡಲಿಲ್ಲ. ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ, ಸ್ಟ್ರೋಕ್ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡೆ. ಇನ್ಲೆಟ್ ಗ್ಯಾಪ್ ಪುಸ್ತಕದಲ್ಲಿದ್ದಷ್ಟೇ ಇತ್ತು. ಎಕ್ಸಾಸ್ಟಿಗೆ 0.05 ಮಿ.ಮೀ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಕೂಡ ಹೋಗಲಿಲ್ಲ.

ಎಕ್ಸಾಸ್ಟ್ ಒಂದೇ, ಅದೂ ಪ್ರತಿ ಸಲ ಬಿಗಿಯಾಗುತ್ತಿದೆ ಅಂದರೆ ಸೀಟ್ ಸವೆದು ವಾಲ್ವ್ ಒಳಗೆ ಇಳಿಯುತ್ತಿದೆ. ವಾಲ್ವ್ ಇಳಿದಷ್ಟೂ ಅದರ ಕಡ್ಡಿಯ ತುದಿ ರಾಕರ್ ಕಡೆಗೆ ಏರುತ್ತೆ, ಗ್ಯಾಪ್ ಮುಚ್ಚುತ್ತೆ. ಆದರೆ ಇಷ್ಟು ಬೇಗ ಯಾಕೆ? ಪ್ಲಗ್ ತೆಗೆದರೆ ಬಿಳಿಚಿಕೊಂಡಿತ್ತು. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಹಾಗಾದರೆ ಇಂಜಿನ್ ಅತಿ ಬಿಸಿಯಾಗಿ ಸೀಟ್ ಬೇಗ ಸವೆಯುತ್ತೆ. ಹೆಡ್ (ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗ) ಬಿಚ್ಚಿ ಮತ್ತೆ ಕೂರಿಸುವ ಮೊದಲು ಇದರ ಮೂಲ ಸಿಗಲೇಬೇಕಿತ್ತು. ಬೋಲ್ಟ್ ಬಿಚ್ಚುವ ಮುಂಚೆಯೇ ಇಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ಜಾಯಿಂಟಿಗೆ ಸ್ವಲ್ಪ ನೀರು ಸಿಂಪಡಿಸಿದೆ. ಇಂಜಿನ್ ಸೌಂಡ್ ಕೂಡಲೇ ಬದಲಾಯಿತು. ಒಳಗಿನ ಓ-ರಿಂಗ್ ಗಟ್ಟಿಯಾಗಿ ಸೀಳಿತ್ತು, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಅದರ ಮೇಲೆ ಗೊಬ್ಬರದ ಚೀಲ ಹೇರಿಕೊಂಡು ಒಂದು, ಎರಡನೇ ಗೇರಿನಲ್ಲಿ ಏರು ಹತ್ತುವ ಗಾಡಿ ಅದು. ನಿಧಾನಕ್ಕೆ ಹೋಗುವಾಗ ತಂಪು ಗಾಳಿಯೂ ಕಡಿಮೆ, ಅಲ್ವಾ?

ಹೆಡ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿಗೆ ಸೀಮೆಎಣ್ಣೆ ಸುರಿದೆ. ವಾಲ್ವ್ ಅಂಚಿನಿಂದ ಜಿನುಗಿತು. ಒಂದು ಪಕ್ಕ ಸುಟ್ಟಿತ್ತು. ಸುಟ್ಟ ವಾಲ್ವನ್ನು ಬರೀ ಪೇಸ್ಟ್ ಹಾಕಿ ಉಜ್ಜಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ವಾಲ್ವ್ ಕಡ್ಡಿ ಓಡಾಡುವ ಗೈಡ್‌ನಲ್ಲಿ ಆಟ ಇಲ್ಲವೆಂದು ನೋಡಿ, ಹೊಸ ವಾಲ್ವ್ ಹಾಕಿ, ಸೀಟ್ ಕಟ್ ಮಾಡಿಸಿ, ಆಮೇಲೆ ಪೇಸ್ಟ್ ಹಾಕಿ ಉಜ್ಜಿ ಕೂರಿಸುವ ಲ್ಯಾಪಿಂಗ್ ಮಾಡಿದೆವು. ಓ-ರಿಂಗ್, ವಾಲ್ವ್ ಸೀಲ್ ಹೊಸದು. ಹೊಸ ಸೀಟ್ ಕೂರುವವರೆಗೆ ಗ್ಯಾಪ್ ಸ್ವಲ್ಪ ಬದಲಾಗಬಹುದು, ಹಾಗಾಗಿ 500 ಕಿ.ಮೀ. ಆದ ಮೇಲೆ ಕರೆಸಿ ಸರಿಮಾಡಿಕೊಟ್ಟೆ. ಮಳೆಗಾಲ ಕಳೆದು ಅಳೆದಾಗಲೂ ಗ್ಯಾಪ್ ಅಷ್ಟೇ ಇತ್ತು.

ಗ್ಯಾಪ್ ಜಾಸ್ತಿಯಾಗುತ್ತಾ ಹೋಗುವ ಗಾಡಿಗಳಲ್ಲಿ ಹುಡುಕುವ ಜಾಗ ಬೇರೆ. ಲಾಕ್ ನಟ್ ಬಿಗಿ ಇದೆಯಾ, ಹೆಡ್ಡಿಗೆ ಆಯಿಲ್ ಏರುತ್ತಿದೆಯಾ, ರಾಕರನ್ನು ಎತ್ತುವ ಕ್ಯಾಮ್ ಮತ್ತು ರಾಕರ್ ಸವೆದಿವೆಯಾ ಅಂತ ನೋಡಬೇಕು. ಟ್ಯಾಪೆಟ್ ಸ್ಕ್ರೂವಿನ ತುದಿಯನ್ನೂ ಬೆಳಕಿಗೆ ಹಿಡಿಯಿರಿ. ಅಲ್ಲಿ ಗುಳಿ ಬಿದ್ದಿದ್ದರೆ ಚಪ್ಪಟೆ ಗೇಜ್ ಗುಳಿಯ ಮೇಲೇ ಕೂತು ಗ್ಯಾಪ್ ಕಡಿಮೆ ತೋರಿಸುತ್ತೆ. ಆ ಸ್ಕ್ರೂ ಬದಲಿಸದೆ ಎಷ್ಟು ಸಲ ಸೆಟ್ ಮಾಡಿದರೂ ಸೌಂಡ್ ಹೋಗುವುದಿಲ್ಲ.