ಬೀಟಲ್ಸ್ ಹಾಡಿನ ಜಾಗ ನೋಡಲು ನೋಲ್‌ಗೆ ಹೊರಟಿದ್ದೀರಾ? ಮಹಲಿನ ಟಿಕೆಟ್ ಬೇಡ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸೆವೆನ್‌ಓಕ್ಸ್ ಊರಿನಲ್ಲಿದೆ ನೋಲ್ ಮಹಲು. ಇಂಗ್ಲಿಷ್ ರಾಕ್ ತಂಡ ಬೀಟಲ್ಸ್‌ಗಾಗಿಯೇ ಬಂದವರು ಸೀದಾ ಕೌಂಟರಿಗೆ ಹೋಗಿ ಒಳಕೋಣೆಗಳ ಟಿಕೆಟ್ ಕೊಳ್ಳುತ್ತಾರೆ. ಆ ದುಡ್ಡು ದಂಡ. ಅವರ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನ ಚಿತ್ರೀಕರಣ ನಡೆದದ್ದು ಹೊರಗಿನ ಜಿಂಕೆವನದಲ್ಲಿ, 1967ರ ಜನವರಿ 30 ಮತ್ತು 31ರಂದು. 'ಪೆನ್ನಿ ಲೇನ್' ಹಾಡಿಗಾಗಿ ಅವರು ಕುದುರೆ ಏರಿದ್ದು, ಬಯಲಲ್ಲಿ ಮೇಜು ಹಾಕಿ ಕೂತದ್ದೂ ಇದೇ ವನದಲ್ಲಿ, ಫೆಬ್ರವರಿ 7ಕ್ಕೆ. ನಡೆದು ಬಂದವರಿಗೆ ವನದೊಳಗೆ ಏನೂ ಕೊಡಬೇಕಿಲ್ಲ. ಕಾರು ತಂದರೆ ಮಾತ್ರ, ಮಹಲನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯರಲ್ಲದವರು ಪಾರ್ಕಿಂಗ್ ಶುಲ್ಕ ಕಟ್ಟಬೇಕು.

'ಸ್ಟ್ರಾಬೆರಿ ಫೀಲ್ಡ್ಸ್'ನಲ್ಲಿ ಕಾಣುವ, ತಂತಿ ಕಟ್ಟಿದ ಆ ಒಣಮರವನ್ನು ಹುಡುಕುತ್ತಾ ಅಲೆಯಬೇಡಿ. 1987ರ ಅಕ್ಟೋಬರ್ ಬಿರುಗಾಳಿಗೆ ಇಲ್ಲಿನ ಬಹುಪಾಲು ಮರಗಳು ಉರುಳಿದವು, ಹಾಗಾಗಿ ಮರ ನೋಡಿ ಜಾಗ ಗುರುತಿಸಲು ಆಗುವುದಿಲ್ಲ. ಕಲ್ಲನ್ನು ನಂಬಿ. ಮಹಲಿನ ಮುಂಬಾಗಿಲಿಗೆ ಹೋಗದೆ ತೋಟದ ಎತ್ತರದ ಗೋಡೆಯ ಪಕ್ಕದಲ್ಲೇ ಹಿಂಬದಿಗೆ ಸುತ್ತಿ ಬಂದರೆ ಬರ್ಡ್‌ಹೌಸ್ ಎಂಬ ಚೂಪುಮಾಡಿನ ಹಳೆಯ ಮನೆ ಸಿಗುತ್ತದೆ. ಅದರ ಬಳಿಯ ಪಾಳುಗೋಡೆಯ ಕಮಾನೇ ಬೀಟಲ್ಸ್‌ನ ನಾಲ್ವರೂ ಕುದುರೆ ಮೇಲೆ ದಾಟಿ ಬಂದದ್ದು. ಮನೆಯಲ್ಲಿ ಜನ ವಾಸವಿರಬಹುದು, ಫೋಟೊ ದೂರದಿಂದಲೇ ತೆಗೆಯಿರಿ. ವನದೊಳಗೆ ಗಾಲ್ಫ್ ಮೈದಾನವೂ ಇದೆ. ದಾಟುವ ಮೊದಲು ಆಡುವವರನ್ನು ನೋಡಿಕೊಳ್ಳಿ. ಜಿಂಕೆಗಳಿಗೆ ತಿನ್ನಲು ಕೊಡುವಂತಿಲ್ಲ. ಅಕ್ಟೋಬರ್ ಬೆದೆಯ ಕಾಲದಲ್ಲಿ ಗಂಡುಜಿಂಕೆಗಳ ಹತ್ತಿರ ಸುಳಿಯಲೇಬೇಡಿ.

ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸೆವೆನ್‌ಓಕ್ಸ್ ನಿಲ್ದಾಣದಿಂದ ಏರುದಾರಿಯಲ್ಲಿ ಇನ್ನರ್ಧ ಗಂಟೆ ನಡಿಗೆ. ಸೇಂಟ್ ನಿಕೊಲಸ್ ಚರ್ಚಿನ ಎದುರಿಗೇ ವನದ ದಾರಿ. ಆದರೆ ಭಾನುವಾರ ಹೊರಡುವವರು ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಬೇಕು. ಹಳಿ ದುರಸ್ತಿ ಇದ್ದರೆ ರೈಲಿನ ಬದಲು ಬಸ್ ಬಿಡುತ್ತಾರೆ. ಟಿಕೆಟ್ ದರ ಅದೇ, ಆದರೆ ಬಸ್ಸು ಪ್ರತಿ ನಿಲ್ದಾಣದ ಊರೊಳಗೂ ನುಗ್ಗಿ ಬರುವುದರಿಂದ ಅರ್ಧ ಗಂಟೆಯ ದಾರಿ ಎಷ್ಟೋ ಪಟ್ಟು ಹಿಗ್ಗುತ್ತದೆ, ಚಳಿಗಾಲದಲ್ಲಿ ಇರುವ ಚೂರು ಬೆಳಕೂ ಅದರಲ್ಲೇ ಕಳೆದುಹೋಗುತ್ತದೆ. ಬಸ್ ಎಂದು ಕಂಡರೆ ಬೇರೆ ದಿನ ಹೋಗಿ.

ಊಟಕ್ಕೆ ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್‌ಗಿಂತ ಒಳ್ಳೆಯದಿಲ್ಲ: ಒಂದು ಸ್ಯಾಂಡ್‌ವಿಚ್, ಚಿಪ್ಸ್, ಕುಡಿಯಲು ಏನಾದರೂ, ಮೂರಕ್ಕೂ ಸೇರಿ ಒಂದೇ ಬೆಲೆ. ಹತ್ತುವ ನಿಲ್ದಾಣದಲ್ಲೇ ಕೊಂಡು ಚೀಲಕ್ಕೆ ಹಾಕಿಕೊಳ್ಳಿ. 'ವೆಜಿಟೇರಿಯನ್' ಎಂದಿದ್ದರೂ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು 'ವೀಗನ್' ಚೀಟಿ ಇರುವುದನ್ನೇ ಆರಿಸಿ. ಹುಲ್ಲು ಒದ್ದೆ ಇರುತ್ತದೆ, ಕೂರಲು ಪ್ಲಾಸ್ಟಿಕ್ ಹಾಳೆ ಬೇಕು.

ಹಾಡಿನಲ್ಲಿ ಕಾಣುವ ಬೋಳುಕೊಂಬೆ, ಮಬ್ಬುಬೆಳಕು ಬೇಕಿದ್ದರೆ ಜನವರಿ ಕೊನೆಗೇ ಹೋಗಿ. ಆಗ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಮೂರು ಗಂಟೆಗೆ ಕಮಾನಿನ ಹತ್ತಿರ ಇದ್ದು, ಮುಳುಗುವ ಮೊದಲೇ ಗೇಟಿನತ್ತ ಹೊರಡಿ. ಕೆಸರಿಗೆ ಹಿಡಿತವಿರುವ ಬೂಟು ಹಾಕಿಕೊಳ್ಳಿ.