ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್

ಮನೆ ಕಟ್ಟಿಸುವವರು ವೈರಿಂಗ್ ಮಾತು ಎತ್ತಿದರೆ ಮೊದಲು ಕೇಳುವುದು ಸ್ವಿಚ್ ಯಾವ ಕಂಪನಿಯದು, ಪ್ಲೇಟಿನ ಬಣ್ಣ ಯಾವುದು ಅಂತ. ಮೆಟ್ಟಿಲ ಲೈಟಿನ ವೈರ್ ಗೋಡೆಯೊಳಗೆ ಹೇಗೆ ಹೋಗಿದೆ ಅಂತ ಕೇಳುವವರು ಕಡಿಮೆ. ನಾನು ಸಾಗರದ ಕಡೆ ಮನೆ ವೈರಿಂಗ್ ಮಾಡುವವನು. ಹೊಸ ಮನೆ ಮಾಡುತ್ತೇನೆ, ಹಳೇ ಮನೆ ರಿಪೇರಿಗೂ ಹೋಗುತ್ತೇನೆ. ರಿಪೇರಿಗೆ ಹೋದಲ್ಲಿ ನಾನು ಮೊದಲು ಬಿಚ್ಚಿ ನೋಡುವುದು ಮೆಟ್ಟಿಲ ಹತ್ತಿರದ ಬೋರ್ಡನ್ನು. ಅಪಾಯದ ಕೆಲಸ ಜಾಸ್ತಿ ಸಿಗುವುದು ಅಲ್ಲೇ. ಮನೆಯವರಿಗೆ ಮಾತ್ರ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಲೈಟ್ ಸರಿಯಾಗಿಯೇ ಹತ್ತುತ್ತದೆ, ಆರುತ್ತದೆ.

ಮೊದಲು ಒಂದೇ ಸ್ವಿಚ್ಚಿನ ಲೈಟ್ ನೋಡೋಣ. ಬಲ್ಬಿಗೆ ಎರಡು ವೈರ್ ಬೇಕು, ಕರೆಂಟ್ ಬರುವ ಫೇಸ್ ಮತ್ತು ಅದು ವಾಪಸ್ಸು ಹೋಗುವ ನ್ಯೂಟ್ರಲ್. ನ್ಯೂಟ್ರಲ್ ನೇರವಾಗಿ ಬಲ್ಬಿಗೆ ಹೋಗಬೇಕು. ಫೇಸ್ ಸ್ವಿಚ್ ದಾಟಿ ಹೋಗಬೇಕು. ಇದನ್ನು ಅದಲುಬದಲು ಮಾಡಿದರೂ ಲೈಟ್ ಹತ್ತುತ್ತದೆ. ಆದರೆ ಆಗ ಸ್ವಿಚ್ ಆಫ್ ಮಾಡಿದಾಗ ಕಡಿದು ಹೋಗುವುದು ನ್ಯೂಟ್ರಲ್. ಫೇಸ್ ಹೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ. ನಮ್ಮ ಪಿನ್ ಹೋಲ್ಡರನ್ನು ನೆನಪು ಮಾಡಿಕೊಳ್ಳಿ. ಬಲ್ಬ್ ತೆಗೆದರೆ ಒಳಗೆ ಎರಡು ಹಿತ್ತಾಳೆ ಪಿನ್ ಬರಿದಾಗಿ ನಿಂತಿರುತ್ತವೆ. ಬಟ್ಟೆ ಹಿಡಿದು ಧೂಳು ಒರೆಸಲು ಹೋದ ಬೆರಳಿಗೆ ತಾಗಲು ಎಷ್ಟು ಹೊತ್ತು? 230 ವೋಲ್ಟ್ ಅಲ್ಲಿ ಕಾಯುತ್ತಿರುತ್ತದೆ, ಸ್ವಿಚ್ ಆಫ್ ಇದೆ ಅನ್ನೋ ನಂಬಿಕೆಯಲ್ಲಿ ಕೈ ಹೋಗುತ್ತದೆ.

ಇದು ನನ್ನ ಸ್ವಂತ ಹಟವೇನಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ನ್ಯೂಟ್ರಲ್ ಒಂದಕ್ಕೆ ಮಾತ್ರ ಸ್ವಿಚ್ ಅಥವಾ ಫ್ಯೂಸ್ ಹಾಕಬಾರದು ಅಂತ ಇತ್ತು. ಮನೆ ವೈರಿಂಗಿನ ಭಾರತೀಯ ಮಾನಕ ಐಎಸ್ 732 ಕೂಡ ಸ್ವಿಚ್ ಫೇಸಿನಲ್ಲೇ ಇರಬೇಕು ಅನ್ನುತ್ತದೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ, ಮರದ ಪಟ್ಟಿಯ ಮೇಲೆ ವೈರ್ ಎಳೆದು ಕ್ಲಿಪ್ ಹೊಡೆದ ಕಾಲದ ವೈರಿಂಗಿನಲ್ಲಿ, ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇಟ್ಟಿದ್ದನ್ನು ಈಗಲೂ ನೋಡುತ್ತೇನೆ. ನ್ಯೂಟ್ರಲ್ಲಿನ ಫ್ಯೂಸ್ ಹೋದರೆ ಮನೆ ಕತ್ತಲಾಗುತ್ತದೆ, ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅಂಥ ಬೋರ್ಡ್ ಕಂಡರೆ ದಯವಿಟ್ಟು ಬದಲಾಯಿಸಿ.

ಈಗ ಮೆಟ್ಟಿಲಿಗೆ ಬರೋಣ. ಕೆಳಗೆ ಒಂದು ಸ್ವಿಚ್, ಮೇಲೆ ಒಂದು ಸ್ವಿಚ್, ಲೈಟ್ ಒಂದೇ. ಇದಕ್ಕೆ ಬೇಕಾಗುವುದು ಟೂ ವೇ ಸ್ವಿಚ್. ಮುಂದಿನಿಂದ ನೋಡಲು ಬೇರೆ ಸ್ವಿಚ್ಚಿನ ಹಾಗೇ ಇರುತ್ತದೆ, ಹಿಂದೆ ಮಾತ್ರ ಎರಡರ ಬದಲು ಮೂರು ಸ್ಕ್ರೂ. ಒಂದು ಕಾಮನ್, ಸಾಮಾನ್ಯವಾಗಿ ನಡುವಿನದು. ಉಳಿದವು ಅಕ್ಕಪಕ್ಕದವು. ಸ್ವಿಚ್ ಒತ್ತಿದಾಗ ಕಾಮನ್ ಒಮ್ಮೆ ಈ ಪಕ್ಕಕ್ಕೆ, ಒಮ್ಮೆ ಆ ಪಕ್ಕಕ್ಕೆ ಸೇರಿಕೊಳ್ಳುತ್ತದೆ.

ಕೆಳಗಿನ ಸ್ವಿಚ್ಚಿನ ಕಾಮನ್ನಿಗೆ ಫೇಸ್ ಕೊಡಬೇಕು. ಅಕ್ಕಪಕ್ಕದ ಎರಡು ಸ್ಕ್ರೂಗಳಿಂದ ಎರಡು ವೈರ್ ಮೇಲಿನ ಸ್ವಿಚ್ಚಿನ ಅಕ್ಕಪಕ್ಕದ ಸ್ಕ್ರೂಗಳಿಗೆ ಹೋಗಬೇಕು. ಮೇಲಿನ ಸ್ವಿಚ್ಚಿನ ಕಾಮನ್ನಿನಿಂದ ಬಲ್ಬಿಗೆ. ನ್ಯೂಟ್ರಲ್ ಎಂದಿನಂತೆ ನೇರ ಬಲ್ಬಿಗೆ. ಇಷ್ಟೇ. ಎರಡು ಊರಿನ ನಡುವೆ ಎರಡು ದಾರಿ ಇದ್ದಂತೆ. ಎರಡೂ ತುದಿಯ ಗೇಟು ಒಂದೇ ದಾರಿಗೆ ತೆರೆದಿದ್ದರೆ ಮಾತ್ರ ಗಾಡಿ ಹೋಗುತ್ತದೆ. ಯಾವ ತುದಿಯಲ್ಲಿ ಗೇಟು ಬದಲಿಸಿದರೂ ಓಡಾಟ ನಿಲ್ಲುತ್ತದೆ, ಮತ್ತೆ ಬದಲಿಸಿದರೆ ಶುರುವಾಗುತ್ತದೆ.

ಹೀಗಾಗಿ ಟೂ ವೇ ಸ್ವಿಚ್ಚಿಗೆ ಆನ್, ಆಫ್ ಅಂತ ನಿಗದಿಯಾದ ಬದಿ ಇಲ್ಲ. ನಮ್ಮಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್ ಅಂತ ಕೈಗೆ ರೂಢಿಯಾಗಿದೆ ಅಲ್ವಾ? ಮೆಟ್ಟಿಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೆಟ್ಟಿಲ ಬಲ್ಬ್ ಬದಲಾಯಿಸುವಾಗ ಸ್ವಿಚ್ ನೋಡಿ ನಂಬಬೇಡಿ, ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ.

ಒಂದು ದೂರು ನನಗೆ ಪದೇ ಪದೇ ಬರುತ್ತದೆ. 'ಮೇಲಿನ ಸ್ವಿಚ್ ಒಂದು ಕಡೆ ಇದ್ದರೆ ಮಾತ್ರ ಕೆಳಗಿನದು ಕೆಲಸ ಮಾಡುತ್ತೆ, ಇಲ್ಲದಿದ್ದರೆ ಏನು ಮಾಡಿದರೂ ಲೈಟ್ ಬರಲ್ಲ' ಅಂತ. ಯಾರೋ ಸ್ವಿಚ್ ಬದಲಿಸುವಾಗ ಕಾಮನ್ ವೈರನ್ನು ಪಕ್ಕದ ಸ್ಕ್ರೂಗೆ, ಪಕ್ಕದ ವೈರನ್ನು ಕಾಮನ್ನಿಗೆ ಹಾಕಿರುತ್ತಾರೆ. ಸ್ವಿಚ್ ಚೆನ್ನಾಗಿಯೇ ಇರುತ್ತದೆ, ಅಂಗಡಿಗೆ ಓಡುವುದು ಬೇಡ. ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು. ಹಳೇ ಸ್ವಿಚ್ ಬಿಚ್ಚುವ ಮುಂಚೆ ಕಾಮನ್ನಿನ ವೈರಿಗೆ ಒಂದು ಸುತ್ತು ಟೇಪ್ ಸುತ್ತಿಟ್ಟರೆ ಈ ಗೊಂದಲವೇ ಬರುವುದಿಲ್ಲ.

ಇದು ಬರೀ ತೊಂದರೆ. ಅಪಾಯ ಇರುವುದು ಬೇರೆ ಕಡೆ.

ಕೆಲವರು ವೈರ್ ಉಳಿಸಲು ಒಂದು ಅಡ್ಡದಾರಿ ಹಿಡಿಯುತ್ತಾರೆ. ಕೆಳಗಿನ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಎರಡೂ ಇವೆ. ಮೇಲಿನ ಬೋರ್ಡಿನಲ್ಲೂ ಇವೆ. ಹಾಗಾಗಿ ಕೆಳಗಿನ ಟೂ ವೇ ಸ್ವಿಚ್ಚಿನ ಒಂದು ಪಕ್ಕಕ್ಕೆ ಫೇಸ್, ಇನ್ನೊಂದು ಪಕ್ಕಕ್ಕೆ ನ್ಯೂಟ್ರಲ್ ಕೊಡುತ್ತಾರೆ. ಮೇಲೂ ಹಾಗೇ. ಎರಡೂ ಕಾಮನ್ನುಗಳಿಂದ ಒಂದೊಂದು ವೈರ್ ಬಲ್ಬಿಗೆ. ಒಂದು ತುದಿಯಿಂದ ಫೇಸ್, ಇನ್ನೊಂದರಿಂದ ನ್ಯೂಟ್ರಲ್ ಬಂದರೆ ಲೈಟ್ ಹತ್ತುತ್ತದೆ. ಎರಡೂ ಕಡೆಯಿಂದ ಒಂದೇ ಬಂದರೆ ಆರುತ್ತದೆ. ಕೆಳಗಿನಿಂದ ಮೇಲಕ್ಕೆ ಎರಡು ವೈರ್ ಎಳೆಯುವುದು ತಪ್ಪಿತು.

ಆದರೆ ಆ 'ಎರಡೂ ಕಡೆಯಿಂದ ಒಂದೇ' ಅನ್ನುವುದು ಫೇಸ್ ಆಗಿದ್ದರೆ? ಲೈಟ್ ಆರಿದೆ, ಹೋಲ್ಡರಿನ ಎರಡೂ ಪಿನ್ನುಗಳಲ್ಲಿ ಫೇಸ್ ಇದೆ. ಇನ್ನು ಸ್ವಿಚ್ಚಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಕೂದಲೆಳೆ ಅಂತರದಲ್ಲಿ ಎದುರುಬದುರು ಕೂತಿರುತ್ತವೆ. ಕಾಂಟ್ಯಾಕ್ಟ್ ಸವೆದು ಕಿಡಿ ಹಾರಿದರೆ ಸೀದಾ ಶಾರ್ಟ್.

ಇದಕ್ಕಿಂತ ಕೆಟ್ಟದ್ದು ಮೂರು ಫೇಸಿನ ಮನೆಯಲ್ಲಿ ಆಗುತ್ತದೆ. ಈಗ ಮಹಡಿ ಮನೆಗಳಿಗೆ ತ್ರೀ ಫೇಸ್, ಅಂದರೆ ಮೂರು ಬೇರೆ ಬೇರೆ ಫೇಸ್ ವೈರಿನ ಕನೆಕ್ಷನ್ ತೆಗೆದುಕೊಳ್ಳುವುದು ಸಾಮಾನ್ಯ. ಕೆಳಗಿನ ಮನೆ ಕೆಂಪು ಫೇಸಿನಲ್ಲಿ, ಮೇಲಿನದು ಹಳದಿಯಲ್ಲಿ ಇರುತ್ತದೆ. ಮೇಲೆ ಹೇಳಿದ ಅಡ್ಡದಾರಿಯಲ್ಲಿ ಎರಡೂ ಸ್ವಿಚ್ ಫೇಸ್ ಕಡೆ ಬಂದಾಗ ಲೈಟ್ ಆರಬೇಕಿತ್ತು. ಆದರೆ ಎರಡು ಬೇರೆ ಫೇಸುಗಳ ನಡುವೆ ಇರುವುದು 400 ವೋಲ್ಟ್. ಅಷ್ಟೂ 230 ವೋಲ್ಟಿನ ಬಲ್ಬಿನ ಮೇಲೆ ಬೀಳುತ್ತದೆ. 'ಬಲ್ಬ್ ಪದೇ ಪದೇ ಹೋಗುತ್ತೆ, ಒಮ್ಮೆ ಸಿಡಿದೇ ಹೋಯ್ತು' ಅಂತ ಒಂದು ಮನೆಯವರು ಕರೆದಿದ್ದರು. ಅವರು ಬಲ್ಬಿನ ಕಂಪನಿಯನ್ನು ಬೈಯುತ್ತಿದ್ದರು. ಬೋರ್ಡ್ ಬಿಚ್ಚಿದರೆ ಇದೇ ಕಥೆ. ಆ ಮನೆಯ ಮಕ್ಕಳು ದಿನಾ ಆ ಸ್ವಿಚ್ಚುಗಳ ಜೊತೆ ಆಡುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಉಳಿಸಿದ್ದು ಕೆಲವೇ ಮೀಟರ್ ವೈರು.

ಎರಡು ವೈರ್ ಸರಿಯಾಗಿ ಎಳೆದವರೂ ಇನ್ನೊಂದು ಕಡೆ ಎಡವುತ್ತಾರೆ. ಫೇಸ್ ಕೆಳಗಿನ ಬೋರ್ಡಿನಿಂದ ಬಂದಿರುತ್ತದೆ, ಬಲ್ಬ್ ಮೇಲಿರುವುದರಿಂದ ನ್ಯೂಟ್ರಲ್ಲನ್ನು ಹತ್ತಿರದ ಮೇಲಿನ ಬೋರ್ಡಿನಿಂದ ಕೊಟ್ಟುಬಿಡುತ್ತಾರೆ. ಎರಡೂ ಮಹಡಿಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಬೇರೆ ಬೇರೆ ಆರ್‌ಸಿಸಿಬಿ ಇದ್ದರೆ ಮೆಟ್ಟಿಲ ಲೈಟ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಹೋದ ಕರೆಂಟ್ ಬಂದ ದಾರಿಯಲ್ಲೇ ವಾಪಸ್ಸು ಬರಲಿಲ್ಲವೆಂದು ಅದು ಕಡಿದುಬಿಡುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ ಒಂದು ಸಣ್ಣ ಬಲ್ಬಿನ ಕರೆಂಟೂ ಸಾಕಾಗುತ್ತದೆ. ಆಗ 'ಈ ಆರ್‌ಸಿಸಿಬಿ ಸರಿ ಇಲ್ಲ' ಅಂತ ಅದನ್ನೇ ತೆಗೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ನಿಜ ಹೇಳುತ್ತಿರುತ್ತದೆ.

ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಪೆಟ್ಟು ತಿನ್ನುವವನು ರಿಪೇರಿಗೆ ಬಂದ ಹುಡುಗ. ಮೇಲಿನ ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ನ್ಯೂಟ್ರಲ್ ಜಾಯಿಂಟ್ ಬಿಚ್ಚುತ್ತಾನೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಮೆಟ್ಟಿಲ ಲೈಟಿನ ಸ್ವಿಚ್ ಒತ್ತುತ್ತಾರೆ. ಕೆಳಗಿನ ಫೇಸ್ ಬಲ್ಬಿನ ಮೂಲಕ ಆ ಬಿಚ್ಚಿದ ಕಪ್ಪು ವೈರಿಗೆ ಇಳಿಯುತ್ತದೆ. ಅವನ ಕೈಯಲ್ಲಿ ಇರುವುದು ಅದೇ ವೈರು.

ಅದಕ್ಕೇ ನಾನು ಮೆಟ್ಟಿಲ ಲೈಟಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ಸರ್ಕ್ಯೂಟಿನಿಂದ ಜೊತೆಯಾಗಿ ಎಳೆಯುತ್ತೇನೆ. ಪೈಪಿನಲ್ಲಿ ಒಂದು ವೈರ್ ಜಾಸ್ತಿ ಹೋದರೆ ಹೋಗಲಿ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಂಗಿಗೆ ಹಸಿರು. ಎರಡು ಸ್ವಿಚ್ಚಿನ ನಡುವಿನ ಜೋಡಿ ವೈರಿಗೆ ಬೂದು ಬಣ್ಣ. ಕಾಯಿಲ್ ಮುಗಿಯಿತು ಅಂತ ಉಳಿದ ಕಪ್ಪು ವೈರನ್ನು ಅಲ್ಲಿಗೆ ಹಾಕುವುದು ನನ್ನ ಕೆಲಸದಲ್ಲಿ ಇಲ್ಲ. ಮುಂದೆ ಬಿಚ್ಚುವವನು ಕಪ್ಪು ಕಂಡರೆ ನ್ಯೂಟ್ರಲ್ ಅಂತಲೇ ಮುಟ್ಟುತ್ತಾನೆ.

ಮೂರು ಕಡೆಯಿಂದ ಬೇಕು ಅನ್ನುವವರೂ ಇದ್ದಾರೆ. ಎರಡು ತುದಿಗೆ ಟೂ ವೇ, ನಡುವೆ ನಾಲ್ಕು ಸ್ಕ್ರೂಗಳ ಇಂಟರ್‌ಮೀಡಿಯೆಟ್ ಸ್ವಿಚ್. ಅದು ಜೋಡಿ ವೈರನ್ನು ಒಮ್ಮೆ ನೇರ, ಒಮ್ಮೆ ಅಡ್ಡ ಮಾಡುತ್ತದೆ. ಅದನ್ನು ಮೊದಲೇ ಹೇಳಿ ತರಿಸಿಡಬೇಕು.

ನಮ್ಮ ಮಲೆನಾಡಿನ ಮನೆಗಳಲ್ಲಿ ಟೂ ವೇ ಮೆಟ್ಟಿಲಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಕೊಟ್ಟಿಗೆಗೆ. ಒಂದು ಸ್ವಿಚ್ ಹಿತ್ತಿಲ ಬಾಗಿಲ ಹತ್ತಿರ, ಇನ್ನೊಂದು ಕೊಟ್ಟಿಗೆಯಲ್ಲಿ. ಮಳೆಗಾಲದ ರಾತ್ರಿ ದನ ಕೂಗಿದರೆ ಬಾಗಿಲಲ್ಲೇ ಲೈಟ್ ಹಾಕಿ ದಾರಿ ನೋಡಿಕೊಂಡು ಹೋಗಬಹುದು, ಹಾವು ಹುಳ ಕಾಣುತ್ತದೆ. ಆದರೆ ಅಷ್ಟು ದೂರ ವೈರ್ ಎಳೆದಾಗ ಒಂದು ಹೊಸ ತಲೆನೋವು. ಎಲ್‌ಇಡಿ ಬಲ್ಬ್ ಆಫ್ ಮಾಡಿದರೂ ಮಂದವಾಗಿ ಉರಿಯುತ್ತಿರುತ್ತದೆ, ಇಲ್ಲವೇ ಆಗಾಗ ಮಿಣುಕುತ್ತದೆ. ಒಬ್ಬ ಅಜ್ಜಿ 'ಇದಕ್ಕೆ ಮೀಟರ್ ಓಡುತ್ತದಾ ತಮ್ಮಾ' ಅಂತ ಕೇಳಿದರು. ಮೀಟರಿಗೆ ಅದು ಲೆಕ್ಕಕ್ಕೇ ಬರದಷ್ಟು ಕಡಿಮೆ ಅಂದೆ.

ಜೋಡಿ ವೈರಿನಲ್ಲಿ ಒಂದರಲ್ಲಿ ಯಾವಾಗಲೂ ಫೇಸ್ ಇರುತ್ತದೆ. ಅದಕ್ಕೆ ಅಂಟಿಕೊಂಡು ಉದ್ದಕ್ಕೂ ಓಡುವ ಇನ್ನೊಂದು ವೈರಿಗೆ ತಾಮ್ರ ತಾಗದೆಯೇ ಚೂರು ಕರೆಂಟ್ ಹರಿಯುತ್ತದೆ. ಹಳೇ ಬುರುಡೆ ಬಲ್ಬಿಗೆ ಅದು ಏನೇನೂ ಸಾಲುತ್ತಿರಲಿಲ್ಲ. ಎಲ್‌ಇಡಿಗೆ ಸಾಕು. ಬಲ್ಬಿನ ಫೇಸ್, ನ್ಯೂಟ್ರಲ್ ಎರಡರ ನಡುವೆ 0.1 ಮೈಕ್ರೋಫ್ಯಾರಡಿನ, 275 ವೋಲ್ಟಿನ ಎಕ್ಸ್2 ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಮಾಮೂಲಿ ಕೆಪಾಸಿಟರ್ ಹಾಕಬೇಡಿ, ಲೈಟ್ ಹತ್ತಿದಷ್ಟು ಹೊತ್ತೂ ಇದರ ಮೇಲೆ ಲೈನಿನ ಪೂರ್ತಿ ವೋಲ್ಟೇಜ್ ಇರುತ್ತದೆ.

ಆದರೆ ಮಂದವಾಗಿ ಉರಿಯುವ ಬಲ್ಬ್ ಸ್ವಿಚ್ ನ್ಯೂಟ್ರಲ್ಲಿನಲ್ಲಿದೆ ಅನ್ನುವುದರ ಗುರುತೂ ಆಗಿರಬಹುದು. ಟೆಸ್ಟರ್ ಇಲ್ಲಿ ಮೋಸ ಮಾಡುತ್ತದೆ, ಎರಡೂ ಸಂದರ್ಭದಲ್ಲಿ ಉರಿಯುತ್ತದೆ. ಲೈಟ್ ಆರಿಸಿ, ಹೋಲ್ಡರಿನ ಒಂದೊಂದು ಪಿನ್ನಿಗೂ ಅದೇ ಸರ್ಕ್ಯೂಟಿನ ನ್ಯೂಟ್ರಲ್ಲಿಗೂ ನಡುವೆ ಹಳೇ ಬುರುಡೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದರೆ ಉತ್ತರ ಸಿಗುತ್ತದೆ. ಪೂರ್ತಿ ಉರಿದರೆ ಅಲ್ಲಿ ನಿಜವಾದ ಫೇಸ್ ಇದೆ. ಮೆಟ್ಟಿಲಿನಲ್ಲಿ ಎರಡು ಸ್ವಿಚ್ ಇರುವುದರಿಂದ ಲೈಟ್ ಆರುವ ಸ್ಥಿತಿಯೂ ಎರಡು, ಎರಡರಲ್ಲೂ ನೋಡಬೇಕು. ಇದನ್ನು ವೈರ್‌ಮ್ಯಾನ್ ಪರ್ಮಿಟ್ ಇರುವವರ ಕೈಯಲ್ಲೇ ಮಾಡಿಸಿ, ಮನೆಯವರು ಪಕ್ಕದಲ್ಲಿ ನಿಂತು ನೋಡಿ.

ಹೊಸ ಮನೆಯವರಿಗೆ ಒಂದು ಮಾತು. ಈ ಅಡ್ಡದಾರಿಗಳು ಹುಟ್ಟುವುದು ಪೈಪ್ ಇಲ್ಲದ್ದರಿಂದ. ಸೆಂಟ್ರಿಂಗ್ ಮೇಲೆ ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಬೀಳುವ ಮುಂಚೆ, ಕೆಳಗಿನ ಬೋರ್ಡಿನಿಂದ ಮೇಲಿನ ಬೋರ್ಡಿಗೆ ಮೆಟ್ಟಿಲ ಲೈಟಿಗೆಂದೇ 25 ಎಂಎಂ ಪೈಪ್ ಹೋಗಿದೆಯೇ ಅಂತ ನೋಡಿ. ಮಲಗುವ ಕೋಣೆಯಲ್ಲಿ ಬಾಗಿಲಿನಿಂದ ಮಂಚದ ತಲೆ ಕಡೆಗೂ ಒಂದು ಪೈಪ್ ಬೇಕು. ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಬಡಗಿಯನ್ನು ಕೇಳಿ, ಚಿಲಕದ ಕಡೆಯ ಗೋಡೆಗೆ ಬೋರ್ಡ್ ಇಡಿಸಿ. ಗೋಡೆ ಕಟಿಂಗ್ ಮುಗಿದು ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಡಿ. ಮುಂದೆ ಗೋಡೆಗೆ ಮೊಳೆ ಹೊಡೆಯುವ ದಿನ ಮೊದಲು ಆ ಫೋಟೋ ತೆಗೆದು ನೋಡಿ.