ಕ್ಯಾಸಲ್‌ರಾಕ್‌ನಲ್ಲಿ ಒಮ್ಮೆ ಇಳಿದು ನೋಡಿ

ದೂಧಸಾಗರ ಜಲಪಾತ ನೋಡೋಕೆ ರೈಲಲ್ಲಿ ಹೊರಟವರೆಲ್ಲ ಕ್ಯಾಸಲ್‌ರಾಕ್ ಬಂದಾಗ ಕಿಟಕಿಯಿಂದ ಇಣುಕಿ, ‘ಇನ್ನೂ ಯಾಕಪ್ಪಾ ಬಿಟ್ಟಿಲ್ಲ?’ ಅಂತ ಗೊಣಗುತ್ತಾರೆ. ನಾನೂ ಎರಡು ಸಲ ಗೊಣಗಿದ್ದೆ. ಮೂರನೇ ಸಲ ಚೀಲ ಹೆಗಲಿಗೆ ಹಾಕಿಕೊಂಡು ಇಳಿದೇಬಿಟ್ಟೆ.

ಹುಬ್ಬಳ್ಳಿಯಿಂದ ಹೊರಟರೆ ಧಾರವಾಡ, ಅಳ್ನಾವರ, ಲೋಂಡಾ, ತಿನೈಘಾಟ್ ದಾಟಿದ ಮೇಲೆ ಈ ನಿಲ್ದಾಣ ಸಿಗುತ್ತದೆ. ಬೆಳಗಾವಿ ಕಡೆಯ ಹಳಿ ಬಂದು ಸೇರುವುದು ಲೋಂಡಾದಲ್ಲಿ. ತಿಂಡಿ, ನೀರು ಅಲ್ಲೇ ಕೊಂಡುಕೊಳ್ಳಿ. ‘ಮುಂದೆ ಏನಾದರೂ ಸಿಗುತ್ತೆ ಬಿಡು’ ಅಂದುಕೊಂಡ ನಾನು ಮಧ್ಯಾಹ್ನದ ಊಟಕ್ಕೆ ಒಂದು ಪೊಟ್ಟಣ ಬಿಸ್ಕತ್ತು ತಿಂದೆ.

ಇಳಿದವರಿಗೆ ಮೊದಲು ಬರುವ ಅನುಮಾನ: ಜೊಯಿಡಾ ಕಾಡಿನ ನಡುವೆ ಇಷ್ಟು ಸಣ್ಣ ಊರಿಗೆ ಇಷ್ಟೊಂದು ಹಳಿ ಯಾಕೆ? ಒಂದು ಕಾಲಕ್ಕೆ ಇದು ಬ್ರಿಟಿಷರ ಸೀಮೆಗೂ ಪೋರ್ಚುಗೀಸರ ಗೋವಾಕ್ಕೂ ನಡುವಿನ ಗಡಿ ನಿಲ್ದಾಣವಾಗಿತ್ತು. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದವಾಯಿತು. ಮುಂದಿನ ದಶಕದಲ್ಲಿ ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ ಹಾಕಿದರು. ಆ ಕಡೆಯ ಕಂಪನಿಯ ಹಳಿಗೂ ಈ ಕಡೆಯ ಸದರ್ನ್ ಮರಾಠಾ ರೈಲ್ವೆಗೂ ಇಲ್ಲೇ ಗಂಟು. ಆಮೇಲೆ ಬ್ರಿಟಿಷರು ಹೋದರೂ ಗಡಿ ಹೋಗಲಿಲ್ಲ. ಗೋವಾಕ್ಕೆ ಹೋಗುವವರ ಪೆಟ್ಟಿಗೆ, ಗಂಟುಮೂಟೆಗಳನ್ನೆಲ್ಲ ಇಲ್ಲಿ ನಮ್ಮ ಸುಂಕದವರು ಬಿಚ್ಚಿಸುತ್ತಿದ್ದರು. ಘಟ್ಟ ಇಳಿದರೆ ಗೋವಾದ ಕುಳೆಯಲ್ಲಿ ಪೋರ್ಚುಗೀಸರು ಮತ್ತೆ ಬಿಚ್ಚಿಸುತ್ತಿದ್ದರು! 1955ರಲ್ಲಿ ರೈಲೇ ನಿಂತುಹೋಯಿತು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾದ ಮೇಲೆ ಗಡಿ ಅನ್ನುವುದೇ ಉಳಿಯಲಿಲ್ಲ. ಈಗಿನ ಅಗಲವಾದ ಹಳಿ, ಬ್ರಾಡ್ ಗೇಜ್, ಬಂದದ್ದು 1990ರ ದಶಕದಲ್ಲಿ.

ಗಡಿ ಹೋದರೂ ರೈಲು ಇಲ್ಲಿ ಇಷ್ಟು ಹೊತ್ತು ನಿಲ್ಲುವುದು ಸುಮ್ನೆ ಅಲ್ಲ. ಇಲ್ಲಿಂದ ಕುಳೆವರೆಗೆ ಸುಮಾರು 26 ಕಿಲೋಮೀಟರ್ ಘಟ್ಟ. 37 ಅಡಿ ಮುಂದೆ ಹೋದರೆ 1 ಅಡಿ ಇಳಿಜಾರು. ರೈಲಿಗೆ ಇದು ಭಾರೀ ಕಡಿದು. ಅದಕ್ಕೇ ಬ್ರೇಕ್ ಪರೀಕ್ಷೆ, ಹೆಚ್ಚುವರಿ ಎಂಜಿನ್. ನಾನು ನೋಡುತ್ತಿದ್ದಾಗ ಎಂಜಿನ್ ನಿಧಾನಕ್ಕೆ ಹಿಂದೆ ಸರಿದು ಬಂದು ಡಬ್ಬಿಗೆ ‘ಧಡ್’ ಅಂತ ತಾಗಿತು. ರೇನ್‌ಕೋಟ್ ಹಾಕಿದ್ದ ಒಬ್ಬರು ಕೆಳಗೆ ಬಗ್ಗಿ ಬ್ರೇಕ್ ಪೈಪ್ ಜೋಡಿಸಿದರು, ಎದ್ದು ಕೈ ಬೀಸಿದರು. ಹತ್ತು ಡಬ್ಬಿ ಆಚೆ ಮಂಜಿನಲ್ಲಿ ಇನ್ನೊಂದು ಕೈ ಬೀಸಿತು. ನನಗೆ ಜಲಪಾತಕ್ಕಿಂತ ಇದೇ ಜಾಸ್ತಿ ಇಷ್ಟವಾಯಿತು. ಕೆಳಗಿನಿಂದ ಕಲ್ಲಿದ್ದಲು ಹೊತ್ತ ಗೂಡ್ಸ್ ಹತ್ತಿ ಬರುವಾಗಲಂತೂ ರೈಲು ಕಾಣುವ ಎಷ್ಟೋ ಮೊದಲೇ ಸದ್ದು ಕೇಳುತ್ತದೆ.

ಹೋಗುವುದಾದರೆ ಮಳೆ ಚೆನ್ನಾಗಿ ಹಿಡಿದ ಮೇಲೆ, ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಕೊಡೆ ನಂಬಬೇಡಿ, ರೇನ್‌ಕೋಟ್ ಬೇಕು. ಉಂಬಳಕ್ಕೆ ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ. ನಿಲ್ಲುವ ರೈಲು ಕಡಿಮೆ. ವಾಪಸ್ ರೈಲು ಯಾವುದು, ಎಷ್ಟು ಹೊತ್ತಿಗೆ ಅಂತ ಹೊರಡುವ ಮೊದಲೇ ಖಾತ್ರಿ ಮಾಡಿಕೊಳ್ಳಿ. ಮಕ್ಕಳಿದ್ದರೆ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹಳಿ ಮೇಲೆ ನಡೆದು ದೂಧಸಾಗರಕ್ಕೆ ಹೋಗುವ ಆಸೆ ಮಾತ್ರ ಬಿಟ್ಟುಬಿಡಿ. ಅದಕ್ಕೆ ಅನುಮತಿ ಇಲ್ಲ, ಸಿಕ್ಕಿಬಿದ್ದರೆ ದಂಡ. ದಾರಿಯಲ್ಲಿ ಸುರಂಗಗಳಿವೆ, ಒಳಗಿರುವಾಗ ರೈಲು ಬಂದರೆ ಎಲ್ಲಿಗೆ ಓಡುತ್ತೀರಿ? ಜಲಪಾತವನ್ನು ರೈಲಿನ ಕಿಟಕಿಯಿಂದಲೇ ನೋಡಿ. ಇಲ್ಲವೇ ಕುಳೆಗೆ ಹೋಗಿ, ಜೀಪು ಬಿಡುವ ತಿಂಗಳಲ್ಲಿ ಅದರಲ್ಲಿ ಹೋಗಿ.